ಕೆಬಿ 726: ಒಂದು ಮಾಡೆಲ್, ಏಳು ಜನ

ಕೇಳುಗರಿಗೆಲ್ಲ ನಮಸ್ಕಾರ.

ಯುದ್ಧವಿಮಾನ, ಟ್ಯಾಂಕು, ಹಡಗುಗಳ ಪುಟ್ಟ ಮಾಡೆಲ್ ಕಟ್ಟುವವರಿಗೆ ಒಂದು ಪ್ರಶ್ನೆ ತಪ್ಪುವುದಿಲ್ಲ. ಮನುಷ್ಯರು ಸತ್ತ ಯಂತ್ರಗಳನ್ನು ಹೀಗೆ ಆಟದ ಸಾಮಾನಿನಂತೆ ಕಪಾಟಿನಲ್ಲಿ ಜೋಡಿಸಿಡುವುದು ಸರಿಯೇ? ಬಹಳ ವರ್ಷಗಳಿಂದ ಈ ಹವ್ಯಾಸದಲ್ಲಿರುವ ನಾನು ಆ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಕಿಟ್ಟಿನ ಡಬ್ಬಿ ಬಿಚ್ಚಿದವರು ಮೊದಲು ಏನನ್ನು ಹುಡುಕುತ್ತಾರೆ ಅನ್ನುವುದರಲ್ಲೇ ಅದಕ್ಕೆ ಉತ್ತರ ಇದೆ ಎಂದು ನನಗೆ ಅನ್ನಿಸುತ್ತದೆ.

ಡಬ್ಬಿಯಲ್ಲಿ ಪ್ಲಾಸ್ಟಿಕ್ ಭಾಗಗಳಿರುತ್ತವೆ, ಜೋಡಿಸುವ ಕ್ರಮ ತೋರಿಸುವ ಹಾಳೆ ಇರುತ್ತದೆ. ಇವುಗಳ ಜೊತೆ ಡಿಕಾಲ್ ಹಾಳೆ. ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ಬಣ್ಣ ಹಚ್ಚಿದ ಮೈಮೇಲೆ ಕೂರಿಸುವ ತೆಳುವಾದ ಅಕ್ಷರಗಳು, ಗುರುತುಗಳು. ಅದರ ಮೂಲೆಯಲ್ಲೆಲ್ಲೋ ಎರಡು ಮಿಲಿಮೀಟರ್ ಎತ್ತರದ ಒಂದು ಸಂಖ್ಯೆ ಇರುತ್ತದೆ. ಅದು ವಿಮಾನದ ಸರಣಿ ಸಂಖ್ಯೆ. ಎರಡನೇ ಮಹಾಯುದ್ಧದಲ್ಲಿ ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳು 7,377 ತಯಾರಾದವು. ಸಂಖ್ಯೆ ಇಲ್ಲದಿದ್ದರೆ ನೀವು ಕಟ್ಟಿದ್ದು ಅವುಗಳಲ್ಲಿ ಯಾವುದೂ ಆಗಬಹುದು, ಅಂದರೆ ಯಾವುದೂ ಅಲ್ಲ. ಸಂಖ್ಯೆ ಬಿದ್ದ ಕೂಡಲೇ ಅದು ಒಂದೇ ಒಂದು ವಿಮಾನ. ಅದರಲ್ಲಿ ಇಂಥ ರಾತ್ರಿ ಇಂಥ ಏಳು ಜನ ಕೂತಿದ್ದರು ಎಂದು ಹೇಳಬಹುದಾದ ವಿಮಾನ.

ಕೆಬಿ 726 ಅನ್ನೇ ತೆಗೆದುಕೊಳ್ಳೋಣ. ಕೆನಡಾ ವಾಯುಪಡೆಯ 419ನೇ ಸ್ಕ್ವಾಡ್ರನ್ನಿನ, ಅಂದರೆ ವಿಮಾನದಳದ, ಲ್ಯಾಂಕಾಸ್ಟರ್ ಅದು. 1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೇ ಊರಿನ ರೈಲು ಯಾರ್ಡಿನ ಮೇಲೆ ದಾಳಿಗೆ ಹೊರಟಿತ್ತು. ದಾರಿಯಲ್ಲಿ ಜರ್ಮನ್ ಯುದ್ಧವಿಮಾನ ಎರಗಿತು. ಎಡಗಡೆಯ ಎರಡೂ ಎಂಜಿನ್ ಹೋದವು, ಬೆಂಕಿ ಹೊತ್ತಿತು, ಕೆಳಗೆ ಜಿಗಿಯಿರಿ ಎಂದು ಪೈಲಟ್ ಆಜ್ಞೆ ಕೊಟ್ಟ. ವಿಮಾನದ ಬೆನ್ನ ಮೇಲೆ, ಗನ್ನು ಕೂರಿಸಿದ ತಿರುಗುವ ಗೋಪುರದಲ್ಲಿ ಕೂತಿದ್ದ ಗನ್ನರ್ ಆಂಡ್ರ್ಯೂ ಮೈನಾರ್ಸ್ಕಿ ಇಳಿದು ಹಿಂದಿನ ಬಾಗಿಲಿಗೆ ಬಂದ. ವಿನಿಪೆಗ್ ಊರಿನವನು, ವಯಸ್ಸು 27. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಆತ ಹೊರಗಿರುತ್ತಿದ್ದ. ಆದರೆ ಬಾಲದ ತುದಿಯ ಗೋಪುರದಲ್ಲಿ ಹಿಂದಿನ ಗನ್ನರ್ ಪ್ಯಾಟ್ ಬ್ರೋಫಿ ಸಿಕ್ಕಿಹಾಕಿಕೊಂಡಿದ್ದು ಅವನ ಕಣ್ಣಿಗೆ ಬಿತ್ತು. ಗೋಪುರ ತಿರುಗಿಸುವ ಹೈಡ್ರಾಲಿಕ್ ಸತ್ತುಹೋಗಿತ್ತು, ಕೈಯಿಂದ ತಿರುಗಿಸುವ ಹಿಡಿಯೂ ಮುರಿದಿತ್ತು. ಮೈನಾರ್ಸ್ಕಿ ಉರಿಯುತ್ತಿದ್ದ ಎಣ್ಣೆಯ ಮೇಲೆ ತೆವಳಿಕೊಂಡು ಅಲ್ಲಿಗೆ ಹೋದ. ಕೊಡಲಿಯಿಂದ ಹೊಡೆದ, ಬರಿಗೈಯಿಂದ ಎಳೆದ. ಅವನ ಬಟ್ಟೆಗೇ ಬೆಂಕಿ ಹತ್ತಿತ್ತು. ನೀನು ಹೋಗು ಎಂದು ಬ್ರೋಫಿ ಕೈಸನ್ನೆ ಮಾಡಿದ. ಮೈನಾರ್ಸ್ಕಿ ಹಿಂದೆ ಹಿಂದೆ ಸರಿಯುತ್ತ ಬಾಗಿಲ ಬಳಿ ಬಂದು, ಉರಿಯುವ ಮೈಯಲ್ಲೇ ಗೆಳೆಯನಿಗೆ ಸೆಲ್ಯೂಟ್ ಹೊಡೆದು ಜಿಗಿದ. ನೆಲ ಮುಟ್ಟಿದಾಗ ಜೀವ ಇತ್ತು, ಸುಟ್ಟ ಗಾಯಗಳಿಂದ ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡ. ಬ್ರೋಫಿ ವಿಮಾನದ ಜೊತೆಗೇ ನೆಲಕ್ಕಪ್ಪಳಿಸಿದ. ಅಪ್ಪಳಿಸಿದ ರಭಸಕ್ಕೆ ಗೋಪುರದಿಂದ ಹೊರಗೆ ಎಸೆಯಲ್ಪಟ್ಟು ಬದುಕಿ ಉಳಿದ. ಆತ ಬದುಕಿದ್ದರಿಂದಲೇ ಒಳಗೆ ನಡೆದದ್ದು ಲೋಕಕ್ಕೆ ತಿಳಿಯಿತು, 1946ರಲ್ಲಿ ಮೈನಾರ್ಸ್ಕಿಗೆ ಮರಣೋತ್ತರವಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ಈ ಸಂಗತಿಯನ್ನು ಓದಿ ತಿಳಿಯಬಹುದು, ಕಣ್ಣು ಒದ್ದೆಯೂ ಆಗಬಹುದು. ಕಟ್ಟುವಾಗ ಆಗುವುದು ಬೇರೆ. 1/72 ಅಳತೆಯಲ್ಲಿ, ಅಂದರೆ ನಿಜವಾದದ್ದರ ಎಪ್ಪತ್ತೆರಡನೇ ಒಂದು ಭಾಗದಷ್ಟು ಮಾಡಿದಾಗ, ಲ್ಯಾಂಕಾಸ್ಟರಿನ ರೆಕ್ಕೆ ತುದಿಯಿಂದ ತುದಿಗೆ 43 ಸೆಂಟಿಮೀಟರ್, ಮೈ ಉದ್ದ 29 ಸೆಂಟಿಮೀಟರ್. ಅದೇ ಅಳತೆಯಲ್ಲಿ ಒಬ್ಬ ಆಳು ಎರಡೂವರೆ ಸೆಂಟಿಮೀಟರೂ ಇಲ್ಲ. ಬಾಲದ ಗೋಪುರ ಬೆರಳ ತುದಿಯ ಮೇಲೆ ನಿಲ್ಲುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಆ ಗೂಡಿನೊಳಗೆ ನಾಲ್ಕು ಬ್ರೌನಿಂಗ್ ಗನ್ನುಗಳ ಹಿಂಭಾಗ ಕೂರಿಸಿ, ಆಸನ ಕೂರಿಸಿ, ಆಮೇಲೆ ಚಿಮಟದಲ್ಲಿ ಗನ್ನರನ ಗೊಂಬೆ ಹಿಡಿದು ಇಳಿಸಲು ನೋಡಿದರೆ, ಅವನಿಗೆ ಜಾಗವೇ ಉಳಿದಿರುವುದಿಲ್ಲ. ಮೊಣಕಾಲು ತಾಗುತ್ತದೆ, ಭುಜ ತಾಗುತ್ತದೆ. ಪ್ಯಾರಾಚೂಟ್ ಎಲ್ಲಿ? ಒಳಗೆ ಇಡಲು ಸಾಧ್ಯವಿಲ್ಲ. ನಿಜವಾದ ವಿಮಾನದಲ್ಲೂ ಅಷ್ಟೇ. ಗನ್ನರನ ಪ್ಯಾರಾಚೂಟ್ ಗೋಪುರದ ಹೊರಗೆ, ಅವನ ಬೆನ್ನ ಹಿಂದೆ, ವಿಮಾನದ ಮೈಯೊಳಗೆ ನೇತುಬಿದ್ದಿರುತ್ತಿತ್ತು. ಅಂದರೆ ಗೋಪುರವನ್ನು ನೇರಕ್ಕೆ ತಿರುಗಿಸಿ, ಹಿಂದಿನ ಕದ ತೆಗೆದು, ಕೈಚಾಚಿ ಅದನ್ನು ಎಳೆದುಕೊಳ್ಳಬೇಕು. ಗೋಪುರ ತಿರುಗದೇ ಹೋದರೆ? ಬ್ರೋಫಿಗೆ ಆದದ್ದು ಅದೇ.

ರಾತ್ರಿ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿನ ಚಳಿ ಇದ್ದರೂ, ಈ ಗನ್ನರುಗಳಲ್ಲಿ ಹಲವರು ತಮ್ಮ ಮುಂದಿನ ಪಾರದರ್ಶಕ ಪರ್ಸ್‌ಪೆಕ್ಸ್ ಹಾಳೆಯನ್ನು ಮೊದಲೇ ಕತ್ತರಿಸಿ ತೆಗೆಸುತ್ತಿದ್ದರು. ಅದರ ಮೇಲಿನ ಒಂದು ಗೀರು, ಒಂದು ಧೂಳಿನ ಕಣ ಕತ್ತಲಲ್ಲಿ ಶತ್ರುವಿಮಾನದಂತೆ ಕಾಣುತ್ತಿತ್ತು. ಅಥವಾ ನಿಜವಾದ ಶತ್ರುವಿಮಾನ ಅದರ ಹಿಂದೆ ಮರೆಯಾಗುತ್ತಿತ್ತು. ಕಿಟ್ಟಿನ ಗೋಪುರ ಪೂರ್ತಿ ಮುಚ್ಚಿಕೊಂಡೇ ಬಂದಿದ್ದರೆ ಮುಂದಿನ ಆ ಪಟ್ಟಿಯನ್ನು ನಾವೂ ಬ್ಲೇಡಿನಿಂದ ಕೊರೆದು ತೆಗೆಯಬೇಕಾಗುತ್ತದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಅಷ್ಟು ಹೊತ್ತು ನಿಮ್ಮ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ, ಆ ಕಿಂಡಿಯಲ್ಲಿ ಚಳಿಗೆ ಮುಖವೊಡ್ಡಿ ಕೂತವನೊಬ್ಬನೇ ಇರುತ್ತಾನೆ.

ಇನ್ನೊಂದು ಸಣ್ಣ ವಿವರ. ಇದನ್ನು ತಿಳಿದ ಮೇಲೆ ನನಗೆ ಲ್ಯಾಂಕಾಸ್ಟರನ್ನು ಮೊದಲಿನಂತೆ ನೋಡಲು ಆಗಿಲ್ಲ. ಮುಂದೆ ಮೂತಿಯ ತಳದಲ್ಲಿ, ಬಾಂಬ್ ಗುರಿಯಿಡುವವನು ಬೋರಲು ಮಲಗುವ ಜಾಗದಲ್ಲಿ, ಹೊರಗೆ ಜಿಗಿಯುವ ಒಂದು ಕಿಂಡಿ ಇದೆ. ಹಲವು ಕಿಟ್ಟುಗಳಲ್ಲಿ ಅದು ಬರೀ ಒಂದು ಗೀರಿದ ಗೆರೆ. ಉಪ್ಪುಕಾಗದ ಸ್ವಲ್ಪ ಜೋರಾಗಿ ತಿಕ್ಕಿದರೆ ಅಳಿಸಿಯೇ ಹೋಗುತ್ತದೆ. ಆ ಕಿಂಡಿಯ ಅಗಲ 22 ಇಂಚು. ಅದೇ ಕಾಲದ ಹ್ಯಾಲಿಫ್ಯಾಕ್ಸ್ ಬಾಂಬರಿನದು 24 ಇಂಚು. ಆಗ ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಲೆಕ್ಕ ಹಾಕುವ ಕೆಲಸದಲ್ಲಿದ್ದ, ಮುಂದೆ ದೊಡ್ಡ ಭೌತವಿಜ್ಞಾನಿಯಾಗಿ ಹೆಸರಾದ ಫ್ರೀಮನ್ ಡೈಸನ್ ಈ ಅಂಕಿಗಳನ್ನು ನೋಡಿದ್ದರು. ಉರುಳಿದ ಹ್ಯಾಲಿಫ್ಯಾಕ್ಸ್‌ಗಳಿಂದ ನೂರಕ್ಕೆ ಸುಮಾರು 25 ಜನ ಜೀವಂತ ಪಾರಾಗುತ್ತಿದ್ದರು, ಲ್ಯಾಂಕಾಸ್ಟರ್‌ಗಳಿಂದ 15 ಮಾತ್ರ. ದಪ್ಪ ಬಟ್ಟೆ ತೊಟ್ಟು, ಪ್ಯಾರಾಚೂಟ್ ಕಟ್ಟಿಕೊಂಡು, ಗಿರಗಿರನೆ ಸುತ್ತುತ್ತ ಬೀಳುತ್ತಿರುವ ವಿಮಾನದ ಕತ್ತಲಲ್ಲಿ ಆ ಕಿಂಡಿಯಲ್ಲಿ ನುಸುಳಬೇಕು. ಎರಡು ಇಂಚಿನ ಕೊರತೆ ಸಾವಿರಾರು ಹುಡುಗರ ಜೀವ ತೆಗೆಯಿತು ಎಂಬುದು ಡೈಸನ್ ಅವರ ಅಂದಾಜು. 1/72 ಅಳತೆಯಲ್ಲಿ ಆ ಎರಡು ಇಂಚು ಅಂದರೆ 0.7 ಮಿಲಿಮೀಟರ್. ನಾನು ಆ ಗೆರೆಯನ್ನು ಯಾವ ಕಿಟ್ಟಿನಲ್ಲೂ ಅಳಿಸಲು ಬಿಟ್ಟಿಲ್ಲ. ಬಣ್ಣದಡಿ ಮಾಸಿದರೆ ಸೂಜಿಯಿಂದ ಮತ್ತೆ ಗೀರುತ್ತೇನೆ. ಬಾಂಬರ್ ಕಮಾಂಡಿನ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ ಸತ್ತವರು 55,573.

ಹಾಗಂತ ಬಾಂಬರ್ ಕಟ್ಟುವವರು ಬಾಂಬು ಬಿದ್ದ ಕಡೆ ನೋಡದೆ ಇರಬಾರದು. 1943ರ ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್‌ಗಳು ಜರ್ಮನಿಯ ಮೊನೆ, ಏಡರ್ ಅಣೆಕಟ್ಟುಗಳನ್ನು ಒಡೆದ ಕತೆ ಮಾಡೆಲ್ ಕಟ್ಟುವವರಿಗೆಲ್ಲ ಬಾಯಿಪಾಠ. ಆ ದಾಳಿಗೂ ಒಂದು ಮಾಡೆಲ್ ಕೆಲಸ ಮಾಡಿತ್ತು. ಮೊನೆ ಅಣೆಕಟ್ಟು ಮತ್ತು ಸುತ್ತಲಿನ ಬೆಟ್ಟಗಳ ಪ್ರತಿರೂಪ ಮಾಡಿ, ಹೊರಡುವ ಮುನ್ನ ಪೈಲಟ್‌ಗಳಿಗೆ ತೋರಿಸಿದ್ದರು. ಹೋದ 133 ಜನರಲ್ಲಿ 53 ಮಂದಿ ಸತ್ತರು. ಕೆಳಗೆ ನುಗ್ಗಿದ ನೀರಿನಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಜನ ಜರ್ಮನ್ನರೇ ಅಲ್ಲ, ನಾಜಿಗಳು ಬೇರೆ ದೇಶಗಳಿಂದ ಹಿಡಿದು ತಂದು ದುಡಿಸುತ್ತಿದ್ದವರು, ಅದರಲ್ಲೂ ಹೆಂಗಸರು. ಅವರಿಗೆ ಕಿಟ್ಟು ಇಲ್ಲ, ಡಿಕಾಲ್ ಇಲ್ಲ. ಆ ದಾಳಿಯ ವಿಮಾನ ಕಟ್ಟುವವರು ಅದರ ಮುಂದಿನ ಚೀಟಿಯಲ್ಲಿ ಈ ಜನರ ಬಗ್ಗೆ ಒಂದು ಸಾಲಾದರೂ ಬರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಾಡೆಲ್‌ಗಳು ಯುದ್ಧಕ್ಕೆ ಹೋದದ್ದು ಅದೊಂದೇ ಸಲವಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳನ್ನು ಐದು ಲಕ್ಷ ಮರದ ವಿಮಾನ ಮಾಡಿಕೊಡಿ ಎಂದು ಕೇಳಿತ್ತು. ಎಲ್ಲವೂ 1/72, ಎಲ್ಲಕ್ಕೂ ಕಪ್ಪು ಬಣ್ಣ. 35 ಅಡಿ ದೂರದಲ್ಲಿ ಹಿಡಿದರೆ, ಸುಮಾರು ಅರ್ಧ ಮೈಲಿ ದೂರದ ನಿಜವಾದ ವಿಮಾನದಷ್ಟೇ ಕಾಣುತ್ತದೆ. ನಮ್ಮದೋ ಅವರದೋ ಎಂದು ಕ್ಷಣದಲ್ಲಿ ಗುರುತಿಸುವ ತರಬೇತಿಗೆ ಅವು ಬೇಕಿದ್ದವು. ಇವತ್ತಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲಿ 1/72 ಒಂದು.

ಇನ್ನು ಅಳತೆ ಎಂಬುದು ತಾನೇ ಒಂದು ಸಾಕ್ಷಿಯಾಗುವ ಸಂದರ್ಭ ಇದೆ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮಕರಣ್ ವಲಯದಲ್ಲಿ ನಡೆದ ಅಸಲ್ ಉತ್ತರ್ ಕದನದಲ್ಲಿ ನಾಲ್ಕನೇ ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್, ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್ನಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದುರುಳಿಸಿ, 10ನೇ ತಾರೀಕು ಟ್ಯಾಂಕಿನ ಗುಂಡಿಗೆ ಬಲಿಯಾದರು. ಪರಮವೀರ ಚಕ್ರ ಬಂದದ್ದು ನಮಗೆಲ್ಲ ಗೊತ್ತು. ಈಗ ಜೀಪನ್ನೂ ಪ್ಯಾಟನ್ನನ್ನೂ 1/35 ಅಳತೆಯಲ್ಲಿ ಕಟ್ಟಿ ಎದುರುಬದುರು ಇಡಿ. ಜೀಪು ಹತ್ತು ಸೆಂಟಿಮೀಟರ್. ಟ್ಯಾಂಕು, ಮುಂಚಾಚಿದ ಕೊಳವೆಯೂ ಸೇರಿ, ಸುಮಾರು 25 ಸೆಂಟಿಮೀಟರ್. ಟ್ಯಾಂಕಿಗೆ ಸುತ್ತ ಉಕ್ಕಿನ ಗೋಡೆ. ಜೀಪಿಗೆ ಬಾಗಿಲೂ ಇಲ್ಲ. ರಿಕಾಯಿಲ್‌ಲೆಸ್ ಗನ್ನಿಗೆ ಇನ್ನೊಂದು ಕಷ್ಟ ಇದೆ. ಗುಂಡು ಮುಂದೆ ಹೋದಾಗ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಧೂಳೆದ್ದು ಗನ್ ಎಲ್ಲಿದೆ ಎಂದು ಶತ್ರುವಿಗೆ ತೋರಿಸಿಕೊಡುತ್ತದೆ. ಹೊಡೆದ ತಕ್ಷಣ ಜಾಗ ಬದಲಿಸಬೇಕು, ಮತ್ತೆ ಹೊಡೆಯಬೇಕು, ಮತ್ತೆ ಓಡಬೇಕು. ಎದುರುಬದುರು ಇಟ್ಟ ಆ ಎರಡನ್ನು ನೋಡಿದ ಮಕ್ಕಳು ಯಾರೂ ಹೇಳಿಕೊಡದೆ ಕೇಳುವ ಮೊದಲ ಮಾತು, ‘ಇಷ್ಟು ಚಿಕ್ಕದರಲ್ಲಿ ಅಷ್ಟು ದೊಡ್ಡದರ ಮುಂದೆ ಹೋದರಾ?’ ಎಂದು.

ಅದೇ ಯುದ್ಧದ ಇನ್ನೊಬ್ಬರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಹಿಂತಿರುಗಲಿಲ್ಲ. ಇಲ್ಲಿ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಅವರ ಹಳೆಯ ಮಿಸ್ಟೇರ್ ಹೊಡೆದುರುಳಿಸಿತ್ತು ಎಂಬ ಸಂಗತಿ ಹೊರಬಿದ್ದದ್ದು ವರ್ಷಗಳಾದ ಮೇಲೆ, ಅದೂ ಎದುರು ಪಕ್ಷದ ಕಡೆಯಿಂದ ಸಿಕ್ಕ ವಿವರಗಳಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಮಿಸ್ಟೇರ್ ಕಟ್ಟುವವರು ಅದರ ಪಕ್ಕದಲ್ಲಿ ಒಂದು ಸ್ಟಾರ್‌ಫೈಟರನ್ನೂ ಕಟ್ಟಿ ಇಡಬೇಕು ಎನ್ನುವುದು ಅದಕ್ಕೇ. ಅದರ ಪೈಲಟ್ ಜಿಗಿದು ಬದುಕಿದ್ದ. ಎರಡೂ ಕಡೆಯ ಮಾತು ಸೇರದೆ ದೇವಯ್ಯನವರ ಕಡೆಯ ನಿಮಿಷಗಳು ನಮಗೆ ಸಿಗುತ್ತಲೇ ಇರಲಿಲ್ಲ.

ಹಡಗುಗಳ ವಿಷಯದಲ್ಲಿ ಲೆಕ್ಕವೇ ಬೇರೆ. ಬ್ರಿಟನ್ನಿನ ಹುಡ್ ಯುದ್ಧನೌಕೆ 1941ರ ಮೇ 24ರಂದು ಬಿಸ್ಮಾರ್ಕ್ ಜೊತೆಗಿನ ಕದನದಲ್ಲಿ ನಿಮಿಷಗಳಲ್ಲಿ ಮುಳುಗಿತು. 1,418 ಜನರಲ್ಲಿ ಉಳಿದವರು ಮೂವರು. ಮೂರು ದಿನದ ನಂತರ ಬಿಸ್ಮಾರ್ಕ್ ತಾನೇ ಮುಳುಗಿದಾಗ ಎರಡು ಸಾವಿರಕ್ಕೂ ಹೆಚ್ಚು ನಾವಿಕರು ಹೋದರು. 1/700 ಅಳತೆಯ ಹುಡ್‌ನಲ್ಲಿ ಒಬ್ಬ ನಾವಿಕ ಎರಡೂವರೆ ಮಿಲಿಮೀಟರ್. ಅಷ್ಟು ಜನರನ್ನು ಆ ಮೇಲಟ್ಟದ ಮೇಲೆ ನಿಲ್ಲಿಸಲು ಹೊರಟವರಿಗೆ ಒಬ್ಬೊಬ್ಬರನ್ನೇ ಚಿಮಟದಲ್ಲಿ ಎತ್ತಿಡುವಾಗ ನೂರು ದಾಟುವ ಹೊತ್ತಿಗೇ ಕೈ ಸೋಲುತ್ತದೆ. ಸತ್ತ 1,415 ಜನ ಎಂದರೆ ಎಷ್ಟು ಎಂದು ಬೆರಳಿಗೆ ಗೊತ್ತಾಗುವುದು ಆಗ.

ಮುರಿದ, ಸುಟ್ಟ ಸ್ಥಿತಿಯಲ್ಲಿ ತೋರಿಸಬೇಕೇ, ಇಡಿಯಾಗಿ ತೋರಿಸಬೇಕೇ ಎಂಬ ಚರ್ಚೆ ನಮ್ಮಲ್ಲಿ ಮುಗಿಯುವುದಿಲ್ಲ. ಹೊಗೆಯ ಕಲೆ, ತುಕ್ಕು, ಗುಂಡಿನ ತೂತು ಇವೆಲ್ಲ ಕೈಚಳಕ ಮೆರೆಸುವ ಜಾಗಗಳು, ಆಸೆ ಹುಟ್ಟಿಸುತ್ತವೆ. ಆದರೆ ನಾನು ಕೆಬಿ 726 ಅನ್ನು ಉರಿಯುತ್ತಿರುವಂತೆ ಮಾಡುವುದಿಲ್ಲ. ಹೊರಡುವ ಮೊದಲು ಇದ್ದಂತೆ, ಹಿಂದಿನ ಬಾಗಿಲು ತೆರೆದಿಟ್ಟು, ಏಳೂ ಜನ ಅದರ ಪಕ್ಕ ನಿಂತಂತೆ ಮಾಡುತ್ತೇನೆ. ನೋಡುವವರಿಗೆ ಮೊದಲು ಜನ ಕಾಣಲಿ, ಬೆಂಕಿ ಅಲ್ಲ. ಕೆನಡಾದ ಹ್ಯಾಮಿಲ್ಟನ್ ಊರಿನ ಮ್ಯೂಸಿಯಂನಲ್ಲಿ ಇಂದಿಗೂ ಹಾರುವ ಒಂದು ಲ್ಯಾಂಕಾಸ್ಟರ್ ಇದೆ. ಅದು ಬೇರೆಯದೇ ವಿಮಾನ. ಆದರೂ ಅದರ ಮೈಮೇಲೆ ಬರೆದಿರುವುದು ಮೈನಾರ್ಸ್ಕಿಯ ವಿಮಾನದ ಗುರುತನ್ನೇ: ಕೆಬಿ 726, ವಿಆರ್-ಎ. ನಿಜವಾದ ವಿಮಾನ ಇಟ್ಟುಕೊಂಡವರೂ ನಾವು ಮಾಡುವುದನ್ನೇ ಮಾಡಿದ್ದಾರೆ.

ನಿಮ್ಮ ಮನೆಯಲ್ಲೂ ಕಟ್ಟದೆ ಬಿಟ್ಟ ಕಿಟ್ಟಿನ ಡಬ್ಬಿ ಒಂದು ಇರಬಹುದು, ಮಕ್ಕಳಿಗೆ ಉಡುಗೊರೆಯಾಗಿ ಬಂದದ್ದಿರಬಹುದು. ಮೊದಲು ಡಿಕಾಲ್ ಹಾಳೆ ತೆಗೆದು ಸಂಖ್ಯೆ ಓದಿ. ಆ ಸಂಖ್ಯೆಯಿಂದ ಸ್ಕ್ವಾಡ್ರನ್ ಗೊತ್ತಾಗುತ್ತದೆ, ಸ್ಕ್ವಾಡ್ರನ್ನಿನ ದಿನಚರಿಯಿಂದ ತಾರೀಕು, ತಾರೀಕಿನಿಂದ ಹೆಸರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಎರಡು ಮಹಾಯುದ್ಧಗಳ 17 ಲಕ್ಷ ಹೆಸರುಗಳಿವೆ, ಭಾರತದ ಸೈನಿಕರೂ ಅದರಲ್ಲಿದ್ದಾರೆ, ಯಾರು ಬೇಕಾದರೂ ಹುಡುಕಬಹುದು. ಸಿಕ್ಕ ಹೆಸರುಗಳನ್ನು ಮಕ್ಕಳ ಕೈಯಿಂದಲೇ ಚೀಟಿಯಲ್ಲಿ ಬರೆಸಿ. ಸತ್ತವರ ಹೆಸರಷ್ಟೇ ಸಾಲದು, ಬದುಕಿ ಬಂದವರದೂ ಇರಲಿ. ಬ್ರೋಫಿಯ ಹೆಸರಿಲ್ಲದೆ ಮೈನಾರ್ಸ್ಕಿಯ ಕತೆ ಹೇಳಲಾಗುವುದಿಲ್ಲ. ಅಂಟಿನ ಬಾಟಲಿ ಅದಾದ ಮೇಲೆ ತೆಗೆದರಾಯಿತು.

ನಮಸ್ಕಾರ.