ಊರು ಬಿಡೋ ಮುಂಚೆ ಕಾರ್ಡ್ ಆನ್ ಮಾಡ್ಕೊಳಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಈ ಕಡೆನೇ ಜಾಸ್ತಿ ಇದ್ದಿದ್ದು. ಈಗ ನಮ್ ಮಲೆನಾಡಲ್ಲಿ ಎಷ್ಟೋ ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ, ಬಾಣಂತನಕ್ಕೆ ಅಂತ ಅಮ್ಮ ಹೊರಡ್ತಾರೆ, ಜೊತೆಗೆ ಅಪ್ಪನೂ ಹೊರಡ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿನ ನಾಲ್ಕು ಕವರ್ ಸುತ್ತಿ ಪ್ಯಾಕ್ ಮಾಡ್ತಾರೆ, ಕ್ರೆಡಿಟ್ ಕಾರ್ಡನ್ನ ಮಾತ್ರ ಇದ್ದ ಹಾಗೇ ಪರ್ಸಿಗೆ ಹಾಕ್ಕೊಂಡು ಹೊರಟುಬಿಡ್ತಾರೆ. ಅದಕ್ಕೇ ಇವತ್ತು ಒಂದೇ ಮಾತು ಹೇಳ್ತೀನಿ. ಊರು ಬಿಡೋ ಮುಂಚೆ, ಮನೇಲಿ ಕೂತೇ, ಕಾರ್ಡಿನ ಇಂಟರ್‌ನ್ಯಾಷನಲ್, ಅಂದ್ರೆ ಹೊರದೇಶದಲ್ಲೂ ಕಾರ್ಡ್ ನಡೆಯೋ ಸೌಲಭ್ಯ, ಆನ್ ಮಾಡ್ಕೊಳಿ.

ನಮ್ಮ ಅಕ್ಕ ಭಾವಂದೇ ಕಥೆ ಹೇಳ್ತೀನಿ. ತೀರ್ಥಹಳ್ಳಿ ಹತ್ರ ತೋಟ. ಹೋದ ಜುಲೈಲಿ ತೋಟಕ್ಕೆ ಔಷಧಿ ಹೊಡೆಸಿ ಮುಗಿಸಿ, ಮೊಮ್ಮಗಳನ್ನ ನೋಡೋಕೆ ಅಂತ ಇಬ್ಬರೂ ಹಾಲೆಂಡಿಗೆ ಹೊರಟ್ರು. ಆಮ್‌ಸ್ಟರ್‌ಡ್ಯಾಮಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲ್ವೆ ಸ್ಟೇಷನ್ ಇದೆ, ಮಗ ಆಫೀಸು ಬಿಟ್ಟು ಬರೋಕಾಗಲ್ಲ, ಮಿಷಿನಲ್ಲಿ ಟಿಕೆಟ್ ತಗೊಂಡು ಉಟ್ರೆಕ್ಟ್ ಅನ್ನೋ ಊರಿಗೆ ಬನ್ನಿ ಅಂದಿದ್ದ. ಭಾವ ಕಾರ್ಡ್ ಹಾಕಿದ್ರು, ಪಿನ್ ಒತ್ತಿದ್ರು, ಮಿಷಿನ್ ಕಾರ್ಡನ್ನ ವಾಪಸ್ ತಳ್ಳಿತು. ಚಿಪ್ ಮೇಲೆ ಎಂತದೋ ಕೂತಿದೆ ಅಂತ ಆ ಚಿನ್ನದ ಬಣ್ಣದ ಚೌಕನ ಸ್ವೆಟರ್ ತೋಳಿಗೆ ತಿಕ್ಕಿ ತಿಕ್ಕಿ ಮತ್ತೆ ಹಾಕಿದ್ರು, ಮತ್ತೆ ಹೊರಗೆ ಬಂತು. ಹಿಂದೆ ಕ್ಯೂ ಬೆಳೀತಾ ಇದೆ, ಅಕ್ಕ ಸೂಟ್‌ಕೇಸ್ ಹಿಡ್ಕೊಂಡು ನಿಂತಿದ್ದಾಳೆ. ಅಲ್ಲಿನ ವೈಫೈಲಿ ನಂಗೆ ವಾಟ್ಸಾಪ್ ಕಾಲ್ ಮಾಡಿದ್ರು. ಇಲ್ಲಿ ಜುಲೈ ಮಳೆ, ಬೆಳಗಿಂದ ಕರೆಂಟಿಲ್ಲ, ನೆಟ್‌ವರ್ಕೂ ಇಲ್ಲ. ಮಧ್ಯಾಹ್ನ ನಾನು ಫೋನ್ ನೋಡಿದಾಗ ಹನ್ನೊಂದು ಮಿಸ್ಡ್ ಕಾಲ್ ಇತ್ತು.

ಕಾರ್ಡಿಗೆ ಎಂತದೂ ಆಗಿರಲಿಲ್ಲ, ಚಿಪ್ಪೂ ಸರಿ ಇತ್ತು, ಪಿನ್ನೂ ಸರಿ ಇತ್ತು. ಇಂಟರ್‌ನ್ಯಾಷನಲ್ ಆಫ್ ಇತ್ತು, ಅಷ್ಟೇ. 2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮನೇ ಹಾಗಿದೆ, ಹೊಸ ಕಾರ್ಡ್ ಕೈಗೆ ಬರುವಾಗ ನಮ್ಮ ದೇಶದೊಳಗೆ ಮಾತ್ರ ನಡೆಯುತ್ತೆ, ಹೊರಗಡೆ ಬೇಕು ಅಂದ್ರೆ ನಾವೇ ಆನ್ ಮಾಡ್ಕೋಬೇಕು. ಒಳ್ಳೇ ನಿಯಮ ಅದು, ಎಲ್ಲೋ ಕೂತ ಕಳ್ಳ ನಿಮ್ಮ ಕಾರ್ಡ್ ಉಜ್ಜಬಾರದು ಅಂತ ಮಾಡಿದ್ದು. ವಾಪಸ್ ಕಾಲ್ ಮಾಡಿ, ಆಯ್ತು, ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ ಅಂದೆ. ಓಟಿಪಿ ಬರಬೇಕಲ್ಲ? ಅದು ಬರೋದು ಇಲ್ಲಿನ ಸಿಮ್ಮಿಗೆ. ಭಾವ ಆ ಸಿಮ್ ತೆಗೆದು ಮನೆ ಬೀರುವಲ್ಲಿ ಇಟ್ಟು ಹೋಗಿದ್ರು! ಕೊನೆಗೆ ಅಕ್ಕನ ಕೈಚೀಲದಲ್ಲಿದ್ದ ಐವತ್ತು ಯೂರೋ ನೋಟಿಂದ ಕೌಂಟರಲ್ಲಿ ಟಿಕೆಟ್ ತಗೊಂಡ್ರಂತೆ. ಎರಡು ಗಂಟೆ ಹೋಯ್ತು, ಪ್ರಯಾಣದ ಸುಸ್ತಲ್ಲಿ ಅಕ್ಕ ಅತ್ತೇಬಿಟ್ಟಳು ಅಂತ ಆಮೇಲೆ ಗೊತ್ತಾಯ್ತು, ನಂಗೆ ಈಗಲೂ ಬೇಜಾರಾಗುತ್ತೆ, ಮನೇಲಿ ಎರಡು ನಿಮಿಷದ ಕೆಲಸ ಅದು.

ಹಾಗಾಗಿ ಕೇಳಿ, ಮನೇಲೇ ಆನ್ ಮಾಡಿ. ಆಪ್ ತೆಗೆದ್ರೆ ಅಂಗಡಿ, ಎಟಿಎಂ, ಆನ್‌ಲೈನ್ ಅಂತ ಬೇರೆ ಬೇರೆ ಇರುತ್ತೆ, ಅಂಗಡಿಯದ್ದು ಆನ್ ಮಾಡಿ, ಲಿಮಿಟ್ ಹಾಕಿ, ಸಿಮ್ಮಿಗೆ ರೋಮಿಂಗ್ ಮಾಡಿಸಿ, ಬೀರುವಲ್ಲಿ ಇಡಬೇಡಿ.

ಚಿಪ್ ಬಗ್ಗೆ ಭಯ ಬೇಡ. ಹಳೇ ಕಾರ್ಡಿನ ಕಪ್ಪು ಪಟ್ಟಿ ಪ್ರತಿ ಸಲ ಅದೇ ಮಾಹಿತಿ ಕೊಡ್ತಿತ್ತು, ಕದಿಯೋನು ನಕಲು ಮಾಡ್ತಿದ್ದ. ಚಿಪ್ಪು ಅಡಿಕೆ ಮಂಡಿ ಚೀಟಿ ಇದ್ದ ಹಾಗೆ, ಪ್ರತಿ ವ್ಯಾಪಾರಕ್ಕೂ ಹೊಸ ನಂಬರ್, ನಿನ್ನೆ ಚೀಟಿ ಇವತ್ತು ನಡೆಯಲ್ಲ. ಯುರೋಪಲ್ಲಿ ಟಿಕೆಟ್ ಮಿಷಿನ್, ಪೆಟ್ರೋಲ್ ಬಂಕಲ್ಲಿ ಸಾಮಾನ್ಯವಾಗಿ ಪಿನ್ ಕೇಳುತ್ತೆ, ಬಾಯಿಪಾಠ ಇರಲಿ. ಅಮೆರಿಕದಲ್ಲಿ ಎಷ್ಟೋ ಅಂಗಡೀಲಿ ಪಿನ್ ಕೇಳೋದೇ ಇಲ್ಲ, ಗಾಬರಿ ಆಗ್ಬೇಡಿ.

ಟೈಮ್ ಆಗ್ತಾ ಬಂತು, ಉಳಿದಿದ್ದನ್ನ ಬೇಗ ಹೇಳ್ತೀನಿ. ಮಿಷಿನ್ ರೂಪಾಯಿನಾ ಯೂರೋನಾ ಅಂತ ಕೇಳಿದ್ರೆ ಯೂರೋನೇ ಒತ್ತಿ. ನಮ್ಮ ರೂಪಾಯಿ ಕಂಡಾಗ ಮನಸ್ಸು ಆ ಕಡೆ ಹೋಗುತ್ತೆ, ಆದ್ರೆ ಅಲ್ಲಿ ಕೊಡೋ ರೇಟು ನಮಗೆ ನಷ್ಟ. ಎಷ್ಟೋ ಕಾರ್ಡಲ್ಲಿ ಹೊರದೇಶದ ಖರ್ಚಿಗೆ ಅಂತ ಬ್ಯಾಂಕ್ ಹೇಗೂ ಸುಮಾರು 3.5 ಪರ್ಸೆಂಟ್ ಚಾರ್ಜ್ ತಗೊಳುತ್ತೆ, ಆ ಚಾರ್ಜಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಹತ್ತು ಸಾವಿರದ ಸಾಮಾನಿಗೆ 413 ರೂಪಾಯಿ ಜಾಸ್ತಿ ಆಗುತ್ತೆ. ಕ್ರೆಡಿಟ್ ಕಾರ್ಡಲ್ಲಿ ಎಟಿಎಂ ಕಡೆ ಹೋಗ್ಲೇಬೇಡಿ, ಆವತ್ತಿಂದಲೇ ಬಡ್ಡಿ. ಇನ್ನೊಂದು, 1800ರ ಟೋಲ್ ಫ್ರೀ ನಂಬರನ್ನ ಅಲ್ಲಿ ನಂಬ್ಕೋಬೇಡಿ, ಬ್ಯಾಂಕಿನ +91 ನಂಬರನ್ನ ಚೀಟೀಲಿ ಬರ್ದು, ಪರ್ಸಲ್ಲಿ ಅಲ್ಲ, ಉಪ್ಪಿನಕಾಯಿ ಇರೋ ಸೂಟ್‌ಕೇಸಲ್ಲೂ ಅಲ್ಲ, ಪಾಸ್‌ಪೋರ್ಟ್ ಕವರಲ್ಲಿ ಇಟ್ಕೊಳಿ. ನಮಸ್ಕಾರ.