ಗೌರಿ 1500 ಗ್ರಾಂ ತೂಗಿದ ದಿನ

ಎಲ್ಲರಿಗೂ ನಮಸ್ಕಾರ. ಹಾವನ್ನು ತಂದಿದ್ದೀರಾ ಅಂತ ಬಾಗಿಲಲ್ಲೇ ಇಬ್ಬರು ಕೇಳಿದರು. ಇಲ್ಲ, ಗೌರಿ ಮನೆಯಲ್ಲೇ ಇದ್ದಾಳೆ. ಧೈರ್ಯವಾಗಿ ಕೂತ್ಕೊಳ್ಳಿ.

ಗೌರಿ ಒಂದು ಬಾಲ್ ಪೈಥಾನ್. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಪುಟ್ಟ ಹೆಬ್ಬಾವು. ಹೆದರಿದರೆ ತಲೆ ಒಳಗಿಟ್ಟು ಚೆಂಡಿನ ಹಾಗೆ ಮುದುಡಿಕೊಳ್ಳುತ್ತದೆ. ಇಲ್ಲಿ ಅಮೆರಿಕದಲ್ಲಿ ತುಂಬ ಜನ ಸಾಕುತ್ತಾರೆ. ನಮ್ಮೂರಲ್ಲಾದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಒಂದು ಕೇರೆ ಹಾವನ್ನೂ ಸಾಕುವ ಹಾಗಿಲ್ಲ. ನನ್ನ ಮಾತು ಕೇಳಿ ಯಾರೂ ಊರಿಗೆ ಫೋನ್ ಮಾಡಿ ಪ್ರಯೋಗ ಶುರು ಮಾಡಿಸಬೇಡಿ!

ಹೆಣ್ಣು ಹಾವನ್ನು ಗಂಡಿನ ಜೊತೆ ಯಾವಾಗ ಬಿಡಬೇಕು? ಸಾಕುವವರ ಬಾಯಲ್ಲಿ ಇದಕ್ಕೊಂದು ಸಿದ್ಧ ಉತ್ತರ ಇದೆ. 1500 ಗ್ರಾಂ. ಕಾರ್ನ್ ಸ್ನೇಕ್ ಅನ್ನುವ ಇನ್ನೊಂದು ಹಾವು ಸಾಕುವವರದ್ದೂ ಹೀಗೇ ಒಂದು ಲೆಕ್ಕ: ಮೂರು ವರ್ಷ, ಮೂರು ಅಡಿ, 300 ಗ್ರಾಂ. ನಾನೂ ಅಂಕಿಯನ್ನೇ ನಂಬಿದೆ. ವಾರಕ್ಕೆರಡು ಇಲಿ ತಿನ್ನಿಸಿ, ಎರಡು ವರ್ಷ ತುಂಬುವುದರೊಳಗೆ ಗೌರಿಯನ್ನು 1500 ಮುಟ್ಟಿಸಿದೆ. ತೂಗಿದ್ದು ಅಡುಗೆಮನೆಯ ತಕ್ಕಡಿಯಲ್ಲಿ. ಅವತ್ತಿನಿಂದ ಅದು ಹಾವಿನ ತಕ್ಕಡಿಯೇ ಆಯಿತು, ಮನೆಗೆ ಬೇರೆ ತರಬೇಕಾಯಿತು.

ಐದು ಮೊಟ್ಟೆ ಇಟ್ಟಳು. ಆರನೆಯದು ಒಳಗೇ ಸಿಕ್ಕಿಕೊಂಡಿತು. ಇವತ್ತು ಬರಬಹುದು, ನಾಳೆ ಬರಬಹುದು ಅಂತ ಮೂರು ದಿನ ಕಾದೆ. ಆಮೇಲೆ ವೈದ್ಯರ ಹತ್ತಿರ ಓಡಿದೆ. ಅವರು ಸೂಜಿ ಚುಚ್ಚಿ ಮೊಟ್ಟೆಯೊಳಗಿನ ದ್ರವ ಎಳೆದು, ಅದನ್ನು ಕುಗ್ಗಿಸಿ ಹೊರಗೆ ತೆಗೆದರು. ಕೈ ತೊಳೆಯುತ್ತಾ ಕೇಳಿದ್ದು ಒಂದೇ ಮಾತು: "ಈ ತೂಕದಲ್ಲಿ ಕೊಬ್ಬೆಷ್ಟು ಅಂತ ನೋಡಿದ್ದೀರಾ?"

ನೋಡಿರಲಿಲ್ಲ. ಈಗ ನೋಡುತ್ತೇನೆ. ತಕ್ಕಡಿಗೆ ಮೊದಲು ಬೆರಳು. ಕುತ್ತಿಗೆಯಿಂದ ಬಾಲದ ಕಡೆಗೆ ಬೆನ್ನ ಮೇಲೆ ಮೆಲ್ಲಗೆ ಸವರಿ. ಹಂಚಿನ ಮಾಡಿನ ಹಾಗೆ ನಡುವೆ ಎದ್ದು, ಎರಡು ಬದಿ ಇಳಿಜಾರಾಗಿದ್ದರೆ ಹಾವು ಸೊರಗಿದೆ. ಬೆನ್ನುಮೂಳೆ ಹಳ್ಳದೊಳಗೆ ಹೂತಂತಿದ್ದರೆ, ಸುಮ್ನೆ ಮಲಗಿದಾಗಲೂ ಹುರುಪೆಗಳ ಮಧ್ಯೆ ಚರ್ಮ ಕಾಣುತ್ತಿದ್ದರೆ, ಕೊಬ್ಬು ಜಾಸ್ತಿಯಾಗಿದೆ. ಹದವಾದ ಮೈ ದುಂಡಗಿರುತ್ತದೆ, ಮುಟ್ಟಿದರೆ ಗಟ್ಟಿ. ಇದರ ಜೊತೆಗೆ ವಯಸ್ಸು ಮೂರು ತುಂಬಿರಲಿ. ಗಂಡಿಗೆ ಇಷ್ಟೆಲ್ಲ ಬೇಡ, ಒಂದು ವರ್ಷ ದಾಟಿ 700 ಗ್ರಾಂ ಇದ್ದರೆ ಸಾಕು.

ಹೆಣ್ಣಿಗೆ ಇಷ್ಟೊಂದು ಯಾಕೆ ಅಂದರೆ, ಮುಂದೆ ಇರುವುದು ದೊಡ್ಡ ಉಪವಾಸ. ಬಸುರಿನಲ್ಲಿ ಎಷ್ಟೋ ಹೆಣ್ಣುಗಳು ಊಟ ಬಿಡುತ್ತವೆ. ಮೊಟ್ಟೆ ಇಟ್ಟ ಮೇಲೆ, ನಾವು ಎತ್ತಿಕೊಳ್ಳದಿದ್ದರೆ, ಸುತ್ತಿಕೊಂಡು ಹೆಚ್ಚುಕಡಿಮೆ ಎರಡು ತಿಂಗಳು ಕಾವು ಕೂರುತ್ತವೆ. ಅಷ್ಟೂ ದಿನ ಮೈಯಲ್ಲಿ ಕೂಡಿಟ್ಟಿದ್ದೇ ಗತಿ.

ನಮ್ಮಜ್ಜನ ಕೊಟ್ಟಿಗೆಯಲ್ಲಿ ಕಡಸು ಬೆದೆಗೆ ಬಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು, ಹಾಗೆ ಕೂಗುತ್ತಿತ್ತು. ಹಾವು ಕೂಗುವುದಿಲ್ಲ ಅಲ್ವಾ? ಬೆಚ್ಚಗಿನ ಮೂಲೆ ಬಿಟ್ಟು ತಣ್ಣಗಿರುವ ಕಡೆ ಹೋಗಿ ಮಲಗುತ್ತದೆ. ನೀರಿನ ಬಟ್ಟಲನ್ನು ತಬ್ಬಿಕೊಳ್ಳುತ್ತದೆ. ಕೆಲವು ಹೊಟ್ಟೆ ಮೇಲೆ ಮಾಡಿ ಹೊರಳುತ್ತವೆ. ಇವೆಲ್ಲ ಬರೀ ಸುಳಿವು. ಖಾತ್ರಿ ಬೇಕಿದ್ದರೆ ಸ್ಕ್ಯಾನ್ ಮಾಡಿಸಬೇಕು. ಹೊಟ್ಟೆಯೊಳಗೆ ಮಣಿಸರದ ಹಾಗೆ ಸಾಲಾಗಿ ಬೆಳೆಯುತ್ತಿರುವ ಅಂಡಗಳು ಕಾಣುತ್ತವೆ.

ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಬಾಲ್ ಪೈಥಾನ್‌ಗಳಲ್ಲೇ ಸ್ಪೈಡರ್ ಅನ್ನುವ ಚಂದದ ಬಣ್ಣದ ತಳಿ ಇದೆ. ಆ ಬಣ್ಣದ ಜೊತೆಗೇ ತಲೆ ತೂಗಾಡುವ ನರದ ತೊಂದರೆಯೂ ಬರುತ್ತದೆ. ಅದು ಎಷ್ಟೇ ತೂಗಲಿ, ಮರಿ ಮಾಡಿಸಬೇಡಿ.

ಗೌರಿಗೆ ಆಮೇಲೆ ಎರಡು ವರ್ಷ ಬಿಡುವು ಕೊಟ್ಟೆ. ಈಗ 1740 ಇದ್ದಾಳೆ, ಬೆನ್ನು ದುಂಡಗಾಗಿದೆ. ಹೋದ ವಾರದಿಂದ ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ. ಗಂಡು ಪಕ್ಕದ ಪೆಟ್ಟಿಗೆಯಲ್ಲೇ ಇದೆ, ಇನ್ನೂ ಬಿಟ್ಟಿಲ್ಲ. ಗುರುವಾರ ಸ್ಕ್ಯಾನ್ ಇದೆ. ಈಗ ನಿಮ್ಮ ಪ್ರಶ್ನೆ ಕೇಳಿ. ಹಿಂದೆ ಕೂತವರು ಸ್ವಲ್ಪ ಜೋರಾಗಿ ಮಾತಾಡಿ.