ಜೆಲಾಟಿನ್ ಕರಗಿಸಿದ್ದೆಲ್ಲ ಕೊಲಾಜಿನೇಸ್ ಅಲ್ಲ

(ಮಂಗಳೂರಿನಲ್ಲಿ ಜೀವರಸಾಯನಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಚರ್ಮ, ಮೂಳೆಗಳ ನಾರಿನಂಥ ಪ್ರೋಟೀನಾದ ಕೊಲಾಜಿನನ್ನು ಕಡಿಯುವ ಕಿಣ್ವವೇ ಕೊಲಾಜಿನೇಸ್ ಎಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಹಾಗಾಗಿ ನೇರವಾಗಿ ತಕರಾರಿಗೇ ಬರುತ್ತೇನೆ. ಮೀನುಗಾರಿಕೆಯ ಧಕ್ಕೆಯ ಮಣ್ಣಿನಿಂದಲೋ ಮೀನಿನ ಕರುಳಿನಿಂದಲೋ ಬ್ಯಾಕ್ಟೀರಿಯಾ ಬೇರ್ಪಡಿಸುವುದು, ಜೆಲಾಟಿನ್ ಅಗರ್ ತಟ್ಟೆಯ ಮೇಲೆ ಬೆಳೆಸುವುದು, ಕರಗದೆ ಉಳಿದ ಜೆಲಾಟಿನ್ ಬೆಳ್ಳಗಾಗಲೆಂದು ಮರುದಿನ ಮರ್ಕ್ಯುರಿಕ್ ಕ್ಲೋರೈಡ್ ಸುರಿಯುವುದು, ಸುತ್ತ ತಿಳಿಯಾದ ವಲಯ ಕಂಡ ಕೂಡಲೇ ‘ಕೊಲಾಜಿನೇಸ್ ತಳಿ ಸಿಕ್ಕಿತು’ ಎಂದು ವರದಿ ಬರೆಯುವುದು. ಇದು ಪ್ರಾಜೆಕ್ಟುಗಳಲ್ಲಿ ರೂಢಿಯಾಗಿಬಿಟ್ಟಿದೆ. ಆ ವಲಯ ಹೇಳುವುದು ಇಷ್ಟೇ: ಅಲ್ಲಿ ಜೆಲಾಟಿನ್ ಕಡಿಯುವ ಯಾವುದೋ ಒಂದು ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕಡಿಯುವ ಕಿಣ್ವ, ಇದೆ. ಜೀರ್ಣರಸದ ಟ್ರಿಪ್ಸಿನ್ ಒಂದು ಹನಿ ಇಟ್ಟರೂ ಅದೇ ವಲಯ, ಪಪ್ಪಾಯಿಯ ಹಾಲು ಇಟ್ಟರೂ ಅದೇ ವಲಯ. ಜೆಲಾಟಿನ್ ಕರಗಿಸಿದ್ದೆಲ್ಲ ಕೊಲಾಜಿನೇಸ್ ಅಲ್ಲ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಂದ ಹಾಗೆ, ಆ ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ, ಸಿಂಕಿಗೆ ಚೆಲ್ಲುವ ವಸ್ತುವಲ್ಲ. ಸ್ಯಾಚುರೇಟೆಡ್ ಅಮೋನಿಯಂ ಸಲ್ಫೇಟ್ ಸುರಿದರೂ ವಲಯ ಚೆನ್ನಾಗಿ ಕಾಣುತ್ತದೆ. ಅದನ್ನೇ ಬಳಸಿ.

ಜೆಲಾಟಿನ್ ಕರಗಿಸಿದ್ದೆಲ್ಲ ಯಾಕೆ ಕೊಲಾಜಿನೇಸ್ ಅಲ್ಲ? ಕೊಲಾಜಿನ್ ಅಣುವನ್ನು ನೆನಪಿಗೆ ತಂದುಕೊಳ್ಳಿ. ಸುಮಾರು ಸಾವಿರ ಅಮೈನೋ ಆಮ್ಲಗಳ ಮೂರು ಸರಪಳಿ, ಪ್ರತಿ ಮೂರನೆಯದು ಗ್ಲೈಸಿನ್, ಮೂರೂ ಒಂದಕ್ಕೊಂದು ಹೆಣೆದುಕೊಂಡು 300 ನ್ಯಾನೋಮೀಟರ್ ಉದ್ದ, 1.5 ನ್ಯಾನೋಮೀಟರ್ ದಪ್ಪ. ಈ ತ್ರಿಸುರುಳಿಯನ್ನು 1954ರಲ್ಲಿ ಮದ್ರಾಸಿನಿಂದ ಜಗತ್ತಿಗೆ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಹೊಸೆದ ತೆಂಗಿನ ನಾರಿನ ಹಗ್ಗದ ಹಾಗೆ, ಹುರಿ ಬಿಚ್ಚದೆ ಒಂದು ಎಳೆ ಮಾತ್ರ ಕೈಗೆ ಸಿಗುವುದಿಲ್ಲ. ಸಾಮಾನ್ಯ ಪ್ರೋಟಿಯೇಸ್‌ನ ಕ್ರಿಯಾತಾಣದಲ್ಲಿ ಹಿಡಿಸುವುದು ಒಂದೇ ಸರಪಳಿ, ಮೂರು ಸೇರಿದ ದಪ್ಪ ಅಲ್ಲ. ಬಿಸಿ ಮಾಡಿದರೆ ಸುರುಳಿ ಬಿಚ್ಚುತ್ತದೆ. ಬಿಚ್ಚಿದ್ದೇ ಜೆಲಾಟಿನ್. ಆಮೇಲೆ ಯಾರು ಬೇಕಾದರೂ ಕಡಿಯಬಹುದು. ದೇಹದ ಪಿಎಚ್‌ನಲ್ಲಿ, ದೇಹದ ಉಷ್ಣತೆಯಲ್ಲಿ, ಹುರಿ ಬಿಚ್ಚದ ಕೊಲಾಜಿನನ್ನು ಕಡಿಯುವುದಕ್ಕೆ ಮಾತ್ರ ಕೊಲಾಜಿನೇಸ್ ಎನ್ನಬೇಕು.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅಷ್ಟು ಚೆಂದದ ಪ್ರಯೋಗ. ಮಳೆಗಾಲದಲ್ಲಿ ನಮ್ಮ ಗದ್ದೆಗಳಲ್ಲಿ ಗೊದಮೊಟ್ಟೆಗಳನ್ನು ನೋಡಿರುತ್ತೀರಿ. ಕಪ್ಪೆಯಾಗುವ ಹೊತ್ತಿಗೆ ಬಾಲ ಉದುರಿ ಬೀಳುವುದಿಲ್ಲ, ಅದು ಕರಗಿ ದೇಹದೊಳಕ್ಕೇ ಸೇರಿಹೋಗುತ್ತದೆ. ಬಾಲದ ತುಂಬ ಕೊಲಾಜಿನ್ ಇದೆಯಲ್ಲ, ಅದನ್ನು ಕರಗಿಸುವವರು ಯಾರು? ಅಂಗಾಂಶವನ್ನು ಅರೆದು, ಸೋಸಿ ಹುಡುಕಿದರೆ ತಟಸ್ಥ ಪಿಎಚ್‌ನಲ್ಲಿ ಏನೂ ಸಿಗುತ್ತಿರಲಿಲ್ಲ. 1962ರಲ್ಲಿ ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಅರೆಯುವುದನ್ನು ಬಿಟ್ಟರು. ಕರುವಿನ ಚರ್ಮದ ಕೊಲಾಜಿನ್ ದ್ರಾವಣವನ್ನು ತಟಸ್ಥಗೊಳಿಸಿ 37 ಡಿಗ್ರಿಯಲ್ಲಿಟ್ಟರೆ ನಾರುಗಳು ಕೂಡಿಕೊಂಡು ಹಾಲುಬಿಳುಪಿನ ಜೆಲ್ ಆಗುತ್ತದೆ. ಆ ಜೆಲ್ ಮೇಲೆ ಗೊದಮೊಟ್ಟೆಯ ಬಾಲದ ಜೀವಂತ ತುಣುಕುಗಳನ್ನಿಟ್ಟು ಪೋಷಕ ದ್ರಾವಣದಲ್ಲಿ ಸಾಕಿದರು. ತುಣುಕಿನ ಸುತ್ತ ಬಿಳಿ ಜೆಲ್ ಕರಗಿ ಪಾರದರ್ಶಕವಾಯಿತು. ಕಿಣ್ವ ಅಂಗಾಂಶದಲ್ಲಿ ದಾಸ್ತಾನಾಗಿ ಕೂತಿರುವುದಿಲ್ಲ, ಬದುಕಿರುವ ಜೀವಕೋಶ ಬೇಕಾದಾಗ ತಯಾರಿಸಿ ಹೊರಬಿಡುತ್ತದೆ. ಆಮೇಲೆ ಗೊತ್ತಾಯಿತು, ಪ್ರಾಣಿಗಳ ಈ ಕಿಣ್ವ ಅಣುವನ್ನು ಒಂದೇ ಜಾಗದಲ್ಲಿ, ಮುಕ್ಕಾಲು–ಕಾಲು ಭಾಗವಾಗುವಂತೆ ಕತ್ತರಿಸುತ್ತದೆ ಎಂದು. ಆ ತುಂಡುಗಳು ದೇಹದ ಉಷ್ಣತೆಯಲ್ಲಿ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಉಳಿದ ಕೆಲಸ ಜೆಲಾಟಿನ್ ಕಡಿಯುವ ಜೆಲಾಟಿನೇಸುಗಳದ್ದು.

ಇಲ್ಲಿ ಒಂದು ಸುಲಭದ ಗುರುತು ಇಟ್ಟುಕೊಳ್ಳಿ: ತಟಸ್ಥ ದ್ರಾವಣದಲ್ಲಿ 37 ಡಿಗ್ರಿಗೆ ದನದ, ಇಲಿಯ ಸಹಜ ಕೊಲಾಜಿನ್ ಹೆಪ್ಪುಗಟ್ಟುತ್ತದೆ, ಜೆಲಾಟಿನ್ ನೀರಾಗುತ್ತದೆ. ನಿಮ್ಮ ಬಾಟಲಿಯಲ್ಲಿರುವುದು ಯಾವುದು ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಈಗ ನಮ್ಮೂರಿನ ವಿಷಯ. ಕರಾವಳಿಯಲ್ಲಿ ಬಂಗುಡೆ, ಬೂತಾಯಿ ಚರ್ಮಕ್ಕೆ ಬರವಿಲ್ಲ, ಆದ್ದರಿಂದ ಅದರಿಂದಲೇ ಕೊಲಾಜಿನ್ ತೆಗೆಯುತ್ತೇವೆ. ಒಳ್ಳೆಯದೇ. ಚರ್ಮ ಸಣ್ಣಗೆ ಕತ್ತರಿಸಿ, ಹತ್ತು ಪಟ್ಟು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಎರಡು ಮೂರು ದಿನ, ದಿನವೂ ದ್ರಾವಣ ಬದಲಿಸುತ್ತಾ ಇಡಿ, ಬೇರೆ ಪ್ರೋಟೀನುಗಳು ಹೋಗುತ್ತವೆ. ತಣ್ಣೀರಿನಲ್ಲಿ ತೊಳೆದು ತಟಸ್ಥ ಮಾಡಿ. ಕೊಬ್ಬು ತೆಗೆಯಲು ಶೇ. 10 ಬ್ಯೂಟನಾಲ್, ಒಂದು ದಿನ. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಇನ್ನೊಂದು ಸಲ ಬೇಕಾದೀತು. ಮತ್ತೆ 0.5 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಮೂರು ದಿನ ಕಲಕುತ್ತಾ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವಕ್ಕೆ 0.9 ಮೋಲಾರ್ ಆಗುವಷ್ಟು ಉಪ್ಪು ಹಾಕಿದರೆ ಕೊಲಾಜಿನ್ ಬಿಳಿ ಎಳೆಗಳಾಗಿ ಬೇರೆಯಾಗುತ್ತದೆ. ಅದನ್ನು ಮತ್ತೆ ಆಮ್ಲದಲ್ಲಿ ಕರಗಿಸಿ ಡಯಾಲಿಸಿಸ್ ಮಾಡಿ. ಎಲ್ಲವೂ 4 ಡಿಗ್ರಿಯಲ್ಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಶೀತಕೋಣೆ ರಾತ್ರಿಯಿಡೀ ಬೆಚ್ಚಗಾದರೆ ಆ ಬ್ಯಾಚ್ ಬಿಟ್ಟುಬಿಡಿ.

ಎಡವುವುದು ಇದರ ಮುಂದೆ. ಮೀನಿನ ಕೊಲಾಜಿನ್‌ನಲ್ಲಿ ಸುರುಳಿಯನ್ನು ಬಿಗಿಹಿಡಿಯುವ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಕಡಿಮೆ, ಹಾಗಾಗಿ ಸುರುಳಿ ಬೇಗ ಬಿಚ್ಚುತ್ತದೆ. ತಣ್ಣೀರಿನ ಕಾಡ್ ಮೀನಿನದು 15 ಡಿಗ್ರಿಯ ಹತ್ತಿರವೇ, ಬೆಚ್ಚನೆಯ ಸಮುದ್ರದ ಮೀನುಗಳದ್ದು ಸಾಮಾನ್ಯವಾಗಿ 30ರ ಆಚೀಚೆ. ದನದ್ದು, ಇಲಿಯದ್ದು ಮಾತ್ರ ದೇಹದ ಉಷ್ಣತೆಯವರೆಗೆ ತಾಳಿಕೊಳ್ಳುತ್ತದೆ. ಇಷ್ಟೆಲ್ಲ ಜೋಪಾನವಾಗಿ ತೆಗೆದ ಬಂಗುಡೆ ಕೊಲಾಜಿನನ್ನು 37 ಡಿಗ್ರಿ ಇನ್‌ಕ್ಯುಬೇಟರಿನಲ್ಲಿಟ್ಟು ಕಿಣ್ವ ಹಾಕುತ್ತೀರಿ. ಆ ಹೊತ್ತಿಗೆ ಅದು ಜೆಲಾಟಿನ್ ಆಗಿರುತ್ತದೆ! ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಇನ್‌ಕ್ಯುಬೇಟರೂ ಬೇಡ, ಮೇಜಿನ ಮೇಲಿಟ್ಟರೆ ಸಾಕು. ಬಾಟಲಿಯ ಮೇಲೆ ‘ಕೊಲಾಜಿನ್’ ಎಂದು ಬರೆದಿದ್ದರೂ ಪರೀಕ್ಷೆ ನಡೆಯುತ್ತಿರುವುದು ಜೆಲಾಟಿನ್ ಮೇಲೆ. ಮತ್ತೆ ಅದೇ ಮಾತು: ಜೆಲಾಟಿನ್ ಕರಗಿಸಿದ್ದೆಲ್ಲ ಕೊಲಾಜಿನೇಸ್ ಅಲ್ಲ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಇಲಿಯ ಬಾಲದ ಟೆಂಡನ್ನಿನ (ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರಿನ) ಅಥವಾ ದನದ ಚರ್ಮದ ಕೊಲಾಜಿನ್ ತೆಗೆದುಕೊಳ್ಳಿ, ಮಿಲಿಲೀಟರಿಗೆ 1 ಮಿಲಿಗ್ರಾಂ. ಬಫರ್ 50 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, 0.2 ಮೋಲಾರ್ ಉಪ್ಪು, 5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಫಾಸ್ಫೇಟ್ ಬಫರ್ ಬೇಡ, ಕ್ಯಾಲ್ಸಿಯಂ ಗಸಿಯಾಗಿ ತಳಕ್ಕೆ ಕೂರುತ್ತದೆ, ಕಿಣ್ವ ಸೊರಗುತ್ತದೆ. ಉಷ್ಣತೆ 25 ಡಿಗ್ರಿ. ಐದು ಟ್ಯೂಬ್ ಇಡಿ: ಬರೀ ಕೊಲಾಜಿನ್, ಕೊಲಾಜಿನ್ ಜೊತೆ ನಿಮ್ಮ ಕಿಣ್ವ, ಕೊಲಾಜಿನ್ ಜೊತೆ ಟ್ರಿಪ್ಸಿನ್, 60 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ ತಣಿಸಿದ ಕೊಲಾಜಿನ್ ಜೊತೆ ಟ್ರಿಪ್ಸಿನ್, ಕೊನೆಯದರಲ್ಲಿ ಕೊಲಾಜಿನ್ ಮತ್ತು ನಿಮ್ಮ ಕಿಣ್ವದ ಜೊತೆ ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ, 10 ಮಿಲಿಮೋಲಾರ್. ಎಸ್‌ಡಿಎಸ್ ಜೆಲ್‌ನಲ್ಲಿ ಓಡಿಸಿ, ಪ್ರೋಟೀನುಗಳು ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿಗಳಾಗುತ್ತವೆ. ಮೂರನೆಯದರಲ್ಲಿ ಕೊಲಾಜಿನ್ ಸರಪಳಿಗಳ ಆಲ್ಫಾ ಪಟ್ಟಿಗಳು ಉಳಿದಿರಬೇಕು, ನಾಲ್ಕನೆಯದರಲ್ಲಿ ಮಾಯವಾಗಿರಬೇಕು. ಮೂರನೆಯದರಲ್ಲೂ ಮಾಯವಾಗಿದ್ದರೆ ನಿಮ್ಮ ಕೊಲಾಜಿನ್ ಮೊದಲೇ ಕೆಟ್ಟಿತ್ತು, ಎರಡನೆಯ ಟ್ಯೂಬಿನ ಫಲಿತಾಂಶಕ್ಕೆ ಬೆಲೆಯಿಲ್ಲ.

ಇನ್ನೊಂದು ಹೊಂಡ ಇದೆ, ಬಹಳ ಜನ ಬೀಳುವುದು ಅಲ್ಲೇ. ಜೆಲ್‌ಗೆ ಹಾಕುವ ಮೊದಲು ಮಾದರಿಯನ್ನು ಕುದಿಸುತ್ತೀರಲ್ಲ, ಬಿಸಿಯಾಗುವಾಗ ಕೊಲಾಜಿನ್ ಮೊದಲು ಬಿಚ್ಚುತ್ತದೆ, ಪ್ರೋಟಿಯೇಸ್ ಆಮೇಲೆ ಸಾಯುತ್ತದೆ. ನಡುವಿನ ಆ ಕೆಲವು ಕ್ಷಣಗಳಲ್ಲಿ ಯಾವ ಪ್ರೋಟಿಯೇಸ್ ಆದರೂ ಎಲ್ಲವನ್ನೂ ಚಿಂದಿ ಮಾಡಿಬಿಡುತ್ತದೆ. ಕುದಿಸುವ ಮುನ್ನವೇ ಇಡಿಟಿಎ ಮತ್ತು ಪಿಎಂಎಸ್‌ಎಫ್ ಎಂಬ ಎರಡೂ ಕಿಣ್ವತಡೆಗಳನ್ನು ಹಾಕಿ. ಎರಡೂ ಯಾಕೆಂದರೆ, ಬ್ಯಾಕ್ಟೀರಿಯಾದ ಕೊಲಾಜಿನೇಸ್ ಸತುವನ್ನು ನೆಚ್ಚಿಕೊಂಡದ್ದು, ಇಡಿಟಿಎಗೆ ಬಗ್ಗುತ್ತದೆ. ಆದರೆ ಸೆರಿನ್ ಪ್ರೋಟಿಯೇಸ್ ಗುಂಪಿನ ಟ್ರಿಪ್ಸಿನ್ ಬಗ್ಗುವುದು ಪಿಎಂಎಸ್‌ಎಫ್‌ಗೆ. ಏಡಿಯ ಜೀರ್ಣಗ್ರಂಥಿಯಲ್ಲಿ ಸಹಜ ಕೊಲಾಜಿನನ್ನೇ ಕಡಿಯುವ ಸೆರಿನ್ ಪ್ರೋಟಿಯೇಸ್ ಕೂಡ ಇದೆ. ನಿಜವಾದ ಹೊಸತನ ಹುಡುಕುವವರು ಅಲ್ಲಿ ಹುಡುಕಿ, ಏಡಿಗೂ ಇಲ್ಲಿ ಬರವಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಿಣ್ವದ ಬಲ ಅಳೆಯುವ ಯೂನಿಟ್ ವಿಷಯ ಹೇಳಿ ಚಿಕಿತ್ಸೆಗೆ ಬರುತ್ತೇನೆ. ಮಾರುಕಟ್ಟೆಯ ಕೊಲಾಜಿನೇಸ್ ಬರುವುದು ಕ್ಲಾಸ್ಟ್ರಿಡಿಯಂ ಹಿಸ್ಟೊಲಿಟಿಕಂ ಎಂಬ ಬ್ಯಾಕ್ಟೀರಿಯಾದಿಂದ. ಅದರಲ್ಲಿ ಎರಡು ವರ್ಗದ ಕೊಲಾಜಿನೇಸ್ ಜೊತೆಗೆ ಕ್ಲಾಸ್ಟ್ರಿಪೇನ್, ತಟಸ್ಥ ಪ್ರೋಟಿಯೇಸ್ ಮುಂತಾದ ಬೇರೆ ಕಿಣ್ವಗಳೆಲ್ಲ ಬೆರೆತಿರುತ್ತದೆ, ಲಾಟಿನಿಂದ ಲಾಟಿಗೆ ಪ್ರಮಾಣ ಬೇರೆ. ‘ಮಿಲಿಲೀಟರಿಗೆ 1 ಮಿಲಿಗ್ರಾಂ ಹಾಕಿದೆವು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮ್ಯಾಂಡ್ಲ್ ಯೂನಿಟ್ ಎಂದರೆ 25 ಮಿಲಿಗ್ರಾಂ ದನದ ಟೆಂಡನ್ ಕೊಲಾಜಿನ್ 5 ಮಿಲಿಲೀಟರ್ ಬಫರಿನಲ್ಲಿ, 37 ಡಿಗ್ರಿಯಲ್ಲಿ 5 ಗಂಟೆ ಇಟ್ಟು ನಿನ್‌ಹೈಡ್ರಿನ್ ಬಣ್ಣವನ್ನು ಲ್ಯೂಸಿನ್‌ಗೆ ಹೋಲಿಸಿ ಅಳೆಯುವುದು. ವುನ್ಷ್ ಯೂನಿಟ್ ಅಳೆಯುವುದು ಸಣ್ಣ ಪೆಪ್ಟೈಡಿನ ಮೇಲೆ. ಎರಡನ್ನು ಬೆರೆಸಬೇಡಿ. ಪುಡಿಯ ಬಾಟಲಿಯನ್ನು ಫ್ರೀಜರಿನಿಂದ ತೆಗೆದ ಕೂಡಲೇ ತೆರೆಯಬೇಡಿ. ನಮ್ಮ ಗಾಳಿಯಲ್ಲಿ ತೇವ ಅಷ್ಟಿದೆ, ಕೋಣೆಯ ಉಷ್ಣತೆಗೆ ಬರಲಿ, ಆಮೇಲೆ ತೆರೆಯಿರಿ.

ಜೀವಕೋಶ ಬೇರ್ಪಡಿಸುವವರಿಗೆ: ಕೊಬ್ಬಿನ ಅಂಗಾಂಶಕ್ಕೆ ಶೇ. 0.1ರ ಆಸುಪಾಸು ಕೊಲಾಜಿನೇಸ್, 37 ಡಿಗ್ರಿ, ಅರ್ಧದಿಂದ ಒಂದು ಗಂಟೆ. ದ್ರಾವಣ ಲೋಳೆಲೋಳೆಯಾಗಿ ಎಳೆಬಿಟ್ಟರೆ ಸತ್ತ ಕೋಶಗಳ ಡಿಎನ್ಎ ಹೊರಬಂದಿದೆ ಎಂದರ್ಥ, ಅದನ್ನು ಕಡಿಯುವ ಡಿಎನ್‌ಏಸ್ ಹಾಕಿ. ಮೊದಲು ಇಡಿಟಿಎ ಇರುವ ದ್ರಾವಣದಲ್ಲಿ ತೊಳೆದಿದ್ದರೆ ಅಂಗಾಂಶ ಕರಗುವುದೇ ಇಲ್ಲ. ಯಕೃತ್ತಿಗೆ ಎರಡು ಹಂತ: ಮೊದಲು ಕ್ಯಾಲ್ಸಿಯಂ ಇಲ್ಲದ ದ್ರಾವಣ ಹರಿಸಿ ಕೋಶಗಳ ಹಿಡಿತ ಸಡಿಲಿಸುವುದು, ಆಮೇಲೆ ಕ್ಯಾಲ್ಸಿಯಂ ಜೊತೆ ಕೊಲಾಜಿನೇಸ್.

ಚಿಕಿತ್ಸೆಯ ಭಾಗ ಓಡಿಸಬೇಕಾಗಿದೆ. ಮೇದೋಜೀರಕದ ಇನ್ಸುಲಿನ್ ದ್ವೀಪಗಳನ್ನು ಬಿಡಿಸುವುದು ಈ ಕಿಣ್ವದಿಂದಲೇ, 2000ದ ಕೆನಡಾದ ಎಡ್ಮಂಟನ್ ಪ್ರಯೋಗದಲ್ಲಿ ಏಳು ಮಧುಮೇಹ ರೋಗಿಗಳಿಗೆ ಕಸಿ ಮಾಡಿದ್ದು ಅವನ್ನೇ. ಅಂಗೈಯ ತಂತುಗಳು ಗಂಟುಕಟ್ಟಿ ಬೆರಳು ಮಡಚಿಕೊಳ್ಳುವ ಡುಪ್ಯುಟ್ರೆನ್ ಕಾಯಿಲೆಗೆ 2010ರಲ್ಲಿ ಅಮೆರಿಕದಲ್ಲಿ ಇದೇ ಕಿಣ್ವದ ಚುಚ್ಚುಮದ್ದಿಗೆ ಅನುಮತಿ ಸಿಕ್ಕಿತು: 0.58 ಮಿಲಿಗ್ರಾಂ ಆ ಬಿಗಿದ ತಂತುವಿನೊಳಕ್ಕೇ ಚುಚ್ಚುವುದು, ಒಂದರಿಂದ ಮೂರು ದಿನದೊಳಗೆ ಬೆರಳನ್ನು ಎಳೆದು ನೆಟ್ಟಗೆ ಮಾಡುವುದು. ಸೂಜಿ ತಪ್ಪಿ ಟೆಂಡನ್ನಿಗೆ ಹೋದರೆ ಅದೂ ಕೊಲಾಜಿನೇ, ಹರಿದುಹೋಗಬಹುದು.

ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದೀರಿ, ನಿಮಗಾಗಿ ಒಂದೇ ವಿಷಯ. ಗಾಯದ ಸತ್ತ ಅಂಗಾಂಶ ತೆಗೆಯುವ ಕೊಲಾಜಿನೇಸ್ ಮುಲಾಮಿನಲ್ಲಿ ಗ್ರಾಂಗೆ 250 ಯೂನಿಟ್ ಇರುತ್ತದೆ, ದಿನಕ್ಕೊಮ್ಮೆ ಹಚ್ಚುವುದು, ಪಿಎಚ್ 6ರಿಂದ 8ರೊಳಗೆ ಕೆಲಸ ಮಾಡುತ್ತದೆ. ಬೆಳ್ಳಿಯ ಅಯಾನು ಅದನ್ನು ಕೆಡಿಸುತ್ತದೆ. ಸುಟ್ಟಗಾಯಕ್ಕೆ ಬೆಳಿಗ್ಗೆ ಬೆಳ್ಳಿ ಇರುವ ಸಿಲ್ವರ್ ಸಲ್ಫಡಯಾಜಿನ್ ಹಚ್ಚಿ, ಅದರ ಮೇಲೆಯೇ ಸಂಜೆ ಇದನ್ನೂ ಹಚ್ಚಿದರೆ ದುಬಾರಿ ಮುಲಾಮು ವ್ಯರ್ಥ. ಮೊದಲು ಹಚ್ಚಿದ್ದನ್ನು ಸಲೈನಿನಲ್ಲಿ ಪೂರ್ತಿ ತೊಳೆದು ತೆಗೆಯಿರಿ. ಒಣಗಿ ಗಟ್ಟಿಯಾದ ಕರಿ ಹೊಪ್ಪಳೆ ಇದ್ದರೆ ವೈದ್ಯರು ಬ್ಲೇಡಿನಿಂದ ಅಡ್ಡ–ಉದ್ದ ಗೀರು ಹಾಕಿದ ಮೇಲೆ ಹಚ್ಚಬೇಕು, ಇಲ್ಲದಿದ್ದರೆ ಒಳಗಿಳಿಯುವುದಿಲ್ಲ.

ಸ್ಲೈಡುಗಳು ಇನ್ನೂ ಇವೆ, ಸಮಯ ಇಲ್ಲ. ಐದು ಟ್ಯೂಬಿನ ಪಟ್ಟಿಯನ್ನು ಬಾಗಿಲ ಬಳಿ ಇಟ್ಟಿದ್ದಾರೆ, ಒಂದೊಂದು ಪ್ರತಿ ತೆಗೆದುಕೊಳ್ಳಿ. ಜೆಲಾಟಿನ್ ತಟ್ಟೆಯಲ್ಲಿ ವಲಯ ಸಿಕ್ಕವರು ಊಟದ ವೇಳೆಯಲ್ಲಿ ಬಂದು ಮಾತಾಡಿ. ನಿಮ್ಮ ತಳಿಯನ್ನು ಮೂರನೆಯ ಟ್ಯೂಬಿನ ಪಕ್ಕ ನಿಲ್ಲಿಸಿ ನೋಡುವುದು ಹೇಗೆಂದು ಕೂತು ಲೆಕ್ಕ ಹಾಕೋಣ. ನಮಸ್ಕಾರ.